ಮಲೇರಿಯಾ ಔಷಧ ಮತ್ತು ಪೋರ್ಫಿರಿಯಾ: ‘ಅಡ್ಡಪರಿಣಾಮ’ ಎಂದರೆ ಸಾಕೇ?

ಮಾನ್ಯರೇ,

‘ಪೋರ್ಫಿರಿಯಾ ಇರುವವರಲ್ಲಿ ಮಲೇರಿಯಾ ಔಷಧಗಳಿಂದ ಅಡ್ಡಪರಿಣಾಮ ಉಂಟಾಗಬಹುದು’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿದ್ದರೂ ಅರ್ಥದಲ್ಲಿ ಸಡಿಲವಾಗಿದೆ ಎಂಬುದು ನನ್ನ ಅನಿಸಿಕೆ. ಅಡ್ಡಪರಿಣಾಮ ಎಂದೊಡನೆ ನಮಗೆ ಹೊಳೆಯುವುದು ಆ ಮಾತ್ರೆ ನುಂಗಿದ ಯಾರಿಗಾದರೂ ಬರಬಹುದಾದ ವಾಕರಿಕೆ, ತಲೆನೋವುಗಳು. ಇಲ್ಲಿ ನಡೆಯುವುದು ಅದಲ್ಲ.

ದೇಹದಲ್ಲಿ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣವಿರುವ ವಸ್ತು) ತಯಾರಾಗುವ ಎಂಟು ಹಂತಗಳಲ್ಲಿ ಯಾವುದಾದರೊಂದರ ಕಿಣ್ವ ಕುಂದಿದಾಗ ನಡುಹಂತದ ವಸ್ತುಗಳು ಶೇಖರವಾಗುವುದೇ ಸಾಮಾನ್ಯವಾಗಿ ಪೋರ್ಫಿರಿಯಾ. ಇದರ ತೀವ್ರ ಬಗೆಗಳಲ್ಲಿ, ಮಲೇರಿಯಾಕ್ಕೆ ಪೈರಿಮೆಥಮಿನ್ ಜೊತೆ ಕೊಡುವ ಸಲ್ಫಾಡಾಕ್ಸಿನ್‌ನಂತಹ ಸಲ್ಫಾ ಔಷಧವು ಅಸಹನೀಯ ಹೊಟ್ಟೆನೋವು, ವಾಂತಿ, ಸ್ನಾಯುಗಳ ದೌರ್ಬಲ್ಯ, ಬುದ್ಧಿಭ್ರಮಣೆಗಳಿಂದ ಕೂಡಿದ ದಾಳಿಯನ್ನೇ ತರಬಲ್ಲದು. ಇದಕ್ಕೆ ‘ಉಲ್ಬಣಗೊಳಿಸು’ ಎಂದರೂ ಒಪ್ಪುವುದಿಲ್ಲ, ಏಕೆಂದರೆ ಈ ದೋಷವನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಅಲ್ಲಿಯವರೆಗೆ ಯಾವ ಲಕ್ಷಣವೂ ಇರುವುದಿಲ್ಲ. ‘ಕೆರಳಿಸು’ ಎಂಬ ನಮ್ಮ ಹಳೆಯ ಕ್ರಿಯಾಪದವೇ ಇಲ್ಲಿ ಸರಿಹೊಂದುತ್ತದೆ.

ಕ್ಲೋರೋಕ್ವಿನ್‌ನ ವಿಷಯ ಇನ್ನಷ್ಟು ಸ್ವಾರಸ್ಯಕರ. ಚರ್ಮದಲ್ಲಿ ಬೊಕ್ಕೆಗಳೇಳುವ ‘ಪೋರ್ಫಿರಿಯಾ ಕ್ಯುಟೇನಿಯಾ ಟಾರ್ಡಾ’ ಎಂಬ ಬಗೆಯಲ್ಲಿ ಯಕೃತ್ತಿನೊಳಗೆ ಪೋರ್ಫಿರಿನ್ ಎಂಬ ನಡುಹಂತದ ವಸ್ತು ತುಂಬಿಕೊಂಡಿರುತ್ತದೆ. ಮಲೇರಿಯಾಕ್ಕೆ ವಯಸ್ಕರಿಗೆ ಮೊದಲ ಸಲ ಕೊಡುವ 1000 ಮಿಲಿಗ್ರಾಂ ಕ್ಲೋರೋಕ್ವಿನ್ ಫಾಸ್ಫೇಟ್ ಇಂಥವರ ದೇಹ ಸೇರಿದರೆ ಅದೆಲ್ಲ ಒಮ್ಮೆಲೇ ಹೊರನುಗ್ಗಿ, ಜ್ವರ ಬಂದು, ಯಕೃತ್ತಿಗೆ ಪೆಟ್ಟು ಬಿದ್ದು, ಮೂತ್ರ ಕಡುಗೆಂಪಾಗಬಹುದು. ಆದರೆ ಅದೇ ಔಷಧವನ್ನು ವಾರಕ್ಕೆರಡು ಬಾರಿ 125 ಮಿಲಿಗ್ರಾಂನಂತೆ ಕೊಟ್ಟರೆ ಪೋರ್ಫಿರಿನ್ ನಿಧಾನವಾಗಿ ಖಾಲಿಯಾಗುತ್ತದೆ. ಈ ಬಗೆಯ ಪೋರ್ಫಿರಿಯಾಕ್ಕೆ ಅದು ಮಾನ್ಯ ಚಿಕಿತ್ಸೆಯೇ ಹೌದು. ಹೀಗಿರುವಾಗ ‘ಕ್ಲೋರೋಕ್ವಿನ್ ನಿಷಿದ್ಧ’ ಎಂದು ಬರೆದುಬಿಟ್ಟರೆ ಚಿಕಿತ್ಸೆ ಪಡೆಯುತ್ತಿರುವವರೇ ಗಾಬರಿಗೊಂಡಾರು. ‘ಮಲೇರಿಯಾ ಪ್ರಮಾಣದಲ್ಲಿ ವರ್ಜ್ಯ’ ಎಂದು ಪ್ರಮಾಣವನ್ನೂ ಸೇರಿಸಿ ಹೇಳುವುದು ನನ್ನ ಸೂಚನೆ. ಇದಕ್ಕಿಂತ ಅಡಕವಾದ ಪ್ರಯೋಗ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ ಮೂತ್ರದ ಬಣ್ಣದ್ದು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಪ್ರೈಮಾಕ್ವಿನ್ ಎಂಬ ಮಲೇರಿಯಾ ಔಷಧದಿಂದ ಆ ಕಣಗಳು ಒಡೆದಾಗಲೂ ಮೂತ್ರ ಕಪ್ಪಿಡುತ್ತದೆ, ಆದರೆ ಅದಕ್ಕೂ ಪೋರ್ಫಿರಿಯಾಕ್ಕೂ ಸಂಬಂಧವಿಲ್ಲ. ಎರಡನ್ನೂ ‘ರಕ್ತಮೂತ್ರ’ ಎಂಬ ಒಂದೇ ಪದದಡಿ ತರದೆ, ಪೋರ್ಫಿರಿಯಾದಲ್ಲಿ ಕಾಣುವುದಕ್ಕೆ ‘ಪೋರ್ಫಿರಿನ್ ಮೂತ್ರ’, ರಕ್ತಕಣಗಳು ಒಡೆದಾಗ ಕಾಣುವುದಕ್ಕೆ ‘ಹೀಮೋಗ್ಲೋಬಿನ್ ಮೂತ್ರ’ ಎನ್ನುವುದು ಸಾಮಾನ್ಯ ಓದುಗರಿಗೆ ತೀರ ಭಾರವಾದೀತೇ?