ನಾಟಕಕ್ಕೆ ಅಗ್ಗದ ಬೆಳಕಿನ ಕನ್ಸೋಲ್ ಸಾಕೇ?

ಪ್ರಶ್ನೆ: ಕಲಬುರಗಿಯ ನಮ್ಮ ಹವ್ಯಾಸಿ ತಂಡದ ಬಳಿ 10 ಎಲ್‌ಇಡಿ ಪಾರ್ ರಂಗದೀಪಗಳಿವೆ; ಪ್ರತಿಯೊಂದಕ್ಕೂ 7 ಚಾನೆಲ್‌ಗಳು, ಅಂದರೆ ಬಣ್ಣ, ಪ್ರಖರತೆ ಮುಂತಾದ ಒಂದೊಂದನ್ನು ನಿಯಂತ್ರಿಸುವ ಸಂಕೇತಗಳು. ಇವುಗಳನ್ನು ನಿಯಂತ್ರಿಸಲು 192 ಚಾನೆಲ್‌ಗಳ ಡಿಎಂಎಕ್ಸ್ (ದೀಪಗಳಿಗೆ ಆದೇಶ ಕಳುಹಿಸುವ ಡಿಜಿಟಲ್ ಪದ್ಧತಿ) ಕನ್ಸೋಲ್ ಸಾಲುತ್ತದೆಯೇ?

ಉತ್ತರ 1: ಧಾರಾಳವಾಗಿ ಸಾಲುತ್ತದೆ. ಆದರೆ ಆ ಬಗೆಯ ಕನ್ಸೋಲ್ ಸಾಮಾನ್ಯವಾಗಿ 12 ದೀಪಗಳಿಗೆ ತಲಾ 16 ಚಾನೆಲ್‌ಗಳನ್ನು ಹಂಚುವುದರಿಂದ, ದೀಪಗಳ ವಿಳಾಸವನ್ನು (ಪ್ರತಿ ದೀಪದ ಮೊದಲ ಚಾನೆಲ್ ಸಂಖ್ಯೆಯನ್ನು) 1, 8, 15 ಎಂದಲ್ಲ, 1, 17, 33 ಎಂಬ ಕ್ರಮದಲ್ಲಿ ಇಡಬೇಕು. ಹೊಸಬರು ಎಡವುವುದು ಇಲ್ಲಿಯೇ; ನಾನೂ ಒಂದು ಸಂಜೆಯನ್ನು ಇದಕ್ಕೇ ಕಳೆದಿದ್ದೇನೆ.

ಉತ್ತರ 2: ವಾದ್ಯಗೋಷ್ಠಿಗೆ ಅದು ಸರಿ, ನಾಟಕಕ್ಕೆ ಅಷ್ಟಾಗಿ ಒಗ್ಗದು. ಪ್ರತಿ ದೃಶ್ಯದ ಬೆಳಕು ಎಷ್ಟು ಸೆಕೆಂಡುಗಳಲ್ಲಿ ಏರಬೇಕು, ಇಳಿಯಬೇಕು ಎಂಬುದನ್ನು ಬೇರೆಬೇರೆಯಾಗಿ ನಿಗದಿಪಡಿಸಲು ಲ್ಯಾಪ್‌ಟಾಪ್, ಯುಎಸ್‌ಬಿ ಡಿಎಂಎಕ್ಸ್ ಸಾಧನ ಮತ್ತು ಉಚಿತವಾದ ಕ್ಯೂಎಲ್‌ಸಿ ಪ್ಲಸ್ ತಂತ್ರಾಂಶ ಮೇಲು. ದೀಪಗಳಿಲ್ಲದೆಯೇ ಮನೆಯಲ್ಲಿ ಕಲಿಯಬಹುದು. ಕೇಬಲ್ ಸಾಲಿನ ಕೊನೆಯ ದೀಪಕ್ಕೆ 120 ಓಮ್ ಟರ್ಮಿನೇಟರ್ (ಸಂಕೇತ ಹಿಂದಿರುಗಿ ಗೊಂದಲವಾಗದಂತೆ ತಡೆಯುವ ರೋಧಕದ ಪ್ಲಗ್) ಹಾಕಿರಿ.

ಪ್ರಶ್ನಿಸಿದವರು: ಧನ್ಯವಾದಗಳು. ಮೊದಲು ತಂತ್ರಾಂಶವನ್ನೇ ಕಲಿಯುತ್ತೇವೆ.