‘ಜಾಸ್’ ಚಿತ್ರದ ಶಾರ್ಕ್ ತಡವಾಗಿ ಕಾಣಿಸುವುದೇಕೆ?

ಪ್ರಶ್ನೆ: ಸ್ಟೀವನ್ ಸ್ಪಿಲ್‌ಬರ್ಗ್ ಅವರ 1975ರ ‘ಜಾಸ್’ ಚಿತ್ರವನ್ನು ಮತ್ತೆ ನೋಡಿದೆ. ಶಾರ್ಕ್ ಬಹಳ ಹೊತ್ತಿನವರೆಗೆ ಪೂರ್ಣವಾಗಿ ಕಾಣಿಸುವುದೇ ಇಲ್ಲ. ಇದು ಮೊದಲೇ ಯೋಚಿಸಿದ ತಂತ್ರವೇ?

ಉತ್ತರ 1: ಬಹುಮಟ್ಟಿಗೆ ಅನಿವಾರ್ಯತೆಯಿಂದ ಹುಟ್ಟಿದ ತಂತ್ರವದು. ಸ್ಟುಡಿಯೊದ ತೊಟ್ಟಿಯ ಬದಲು ನಿಜವಾದ ಸಮುದ್ರದಲ್ಲೇ ಚಿತ್ರೀಕರಿಸಲು ಹೊರಟಿದ್ದರಿಂದ ಯಂತ್ರಚಾಲಿತ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು, 55 ದಿನಗಳೆಂದು ಅಂದಾಜಿಸಿದ್ದ ಚಿತ್ರೀಕರಣ 159 ದಿನಗಳವರೆಗೆ ಎಳೆಯಿತು. ಹೀಗಾಗಿ ಕಥೆಯಲ್ಲಿ ಶಾರ್ಕಿಗೆ ಸಿಕ್ಕಿಸಿದ, ನೀರಿನ ಮೇಲೆ ತೇಲುವ ಹಳದಿ ಪೀಪಾಯಿಗಳೇ ಹಲವೆಡೆ ಶಾರ್ಕಿನ ಪಾತ್ರ ವಹಿಸಿವೆ. ನನಗಂತೂ ಆ ಪೀಪಾಯಿಗಳೇ ಹೆಚ್ಚು ಭಯ ಹುಟ್ಟಿಸುತ್ತವೆ.

ಉತ್ತರ 2: ಜಾನ್ ವಿಲಿಯಮ್ಸ್ ಅವರ ಸಂಗೀತವನ್ನು ಮರೆಯಬೇಡಿ. ಮರುಕಳಿಸುವ ಎರಡೇ ಸ್ವರಗಳು ಕಾಣದ ಪ್ರಾಣಿಯನ್ನು ಹತ್ತಿರ ತರುತ್ತವೆ. ಸಂಕಲನಕ್ಕಾಗಿ ವರ್ನಾ ಫೀಲ್ಡ್ಸ್ ಅವರಿಗೂ ಆಸ್ಕರ್ ದೊರೆತಿತ್ತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಈ ಸಲ ಪೀಪಾಯಿಗಳನ್ನೇ ಗಮನಿಸುತ್ತೇನೆ.