‘ಹ್ಯೂಮನ್ ಸೆಂಟಿಪೀಡ್ 2’ ಯಾಕೆ ಹೆದರಿಸಲ್ಲ? ನಮ್ಮ ಕಿರುಚಿತ್ರದಲ್ಲಿ ಅದೇ ತಪ್ಪು ಆಗದ ಹಾಗೆ ಏನು ಮಾಡಬಹುದು?

ಬೆಟ್ಟದಹಾದಿ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ‘ದಿ ಹ್ಯೂಮನ್ ಸೆಂಟಿಪೀಡ್’ ಅನ್ನೋ ಹಾರರ್ ಸಿನಿಮಾದ ಮೊದಲನೇ ಭಾಗದಲ್ಲಿ (2009) ಒಬ್ಬ ಡಾಕ್ಟರು ಮೂರು ಜನರನ್ನು ಒಬ್ಬರಿಗೊಬ್ಬರು ಸೇರಿಸಿ ಹೊಲಿಯುತ್ತಾನೆ. ಎರಡನೇದರಲ್ಲಿ (2011) ಹನ್ನೆರಡು ಜನರ ಲೆಕ್ಕ. ಸ್ಟೇಪಲ್ ಗನ್, ಸುತ್ತಿಗೆ, ಟೇಪು, ಎಲ್ಲ ಕಣ್ಣೆದುರೇ. ಇಷ್ಟಾದರೂ ಒಂದು ಹಂತ ದಾಟಿದ ಮೇಲೆ ಹೆದರಿಕೆ ಹೋಗಿ ಬರೀ ಬೇಸರ ಬರುತ್ತೆ. ಮೊದಲನೇದು ಇದರ ಕಾಲುಭಾಗವೂ ತೋರಿಸಲ್ಲ, ಆದರೂ ತಲೆಯಲ್ಲಿ ಉಳಿಯುತ್ತೆ. ಯಾಕೆ?

ಕೇಳೋದಕ್ಕೆ ಕಾರಣ ಇದೆ. 12 ನಿಮಿಷದ ಹಾರರ್ ಕಿರುಚಿತ್ರ ಸಿದ್ಧವಾಗ್ತಿದೆ. ತೋಟದ ಹಳೇ ಬಂಗಲೆ, ಇಬ್ಬರೇ ಪಾತ್ರಧಾರಿಗಳು, ಒಂದು ರಾತ್ರಿಯ ಕಥೆ. ಶೂಟಿಂಗ್ ಜುಲೈ ಕೊನೆಗೆ, ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆ ಬೇಕೇ ಬೇಕು. ಸ್ಕ್ರಿಪ್ಟಿನಲ್ಲಿ ಐದು ಕಡೆ ರಕ್ತ ಇದೆ, ಕೊನೆಗೆ ಕೈ ಕಡಿಯೋ ದೃಶ್ಯ 40 ಸೆಕೆಂಡು. ತಂಡದಲ್ಲಿ ಅರ್ಧ ಜನ ‘ಇನ್ನೂ ಜಾಸ್ತಿ ಮಾಡೋಣ’ ಅಂತಾರೆ. ರಕ್ತ, ಗಾಯ, ಸದ್ದು, ಮೂರರ ಬಗ್ಗೆಯೂ ಅಳತೆ ಸಮೇತ ಹೇಳಿದ್ರೆ ಉಪಕಾರ.

ಕತ್ತರಿಮೇಜು

ಮೊದಲನೇ ಭಾಗದಲ್ಲಿ ಅತಿ ಭಯ ಹುಟ್ಟಿಸೋ ದೃಶ್ಯ ಯಾವುದು ನೆನಪಿಸಿಕೊಳ್ಳಿ. ಆಪರೇಷನ್ ಅಲ್ಲ. ಮಂಚಕ್ಕೆ ಕಟ್ಟಿಹಾಕಿದ ಮೂವರ ಎದುರು ಡಾಕ್ಟರು ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸಿ, ಮೇಷ್ಟ್ರು ಪಾಠ ಮಾಡೋ ಹಾಗೆ, ಎಲ್ಲಿ ಕೊಯ್ತೀನಿ ಎಲ್ಲಿ ಸೇರಿಸ್ತೀನಿ ಅಂತ ವಿವರಿಸೋದು. ಒಂದು ತೊಟ್ಟು ರಕ್ತ ಇಲ್ಲ. ಆದರೆ ಆ ಪಾಠ ಮುಗಿಯೋ ಹೊತ್ತಿಗೆ ನೋಡುವವನು ಇಡೀ ಆಪರೇಷನ್ನನ್ನ ತನ್ನ ತಲೆಯಲ್ಲೇ ಮಾಡಿ ಮುಗಿಸಿರ್ತಾನೆ. ಆಮೇಲೆ ತೆರೆ ಮೇಲೆ ಕಾಣೋದು ಹೆಚ್ಚಾಗಿ ಬ್ಯಾಂಡೇಜು ಮಾತ್ರ.

ಎರಡನೇ ಭಾಗಕ್ಕೆ ಆ ದಾರಿಯೇ ಇಲ್ಲ. ಅದರ ನಾಯಕ ಮಾರ್ಟಿನ್ ಮೊದಲ ಸಿನಿಮಾದ ಅಭಿಮಾನಿ. ಅವನಿಗೂ ಗೊತ್ತು, ನಮಗೂ ಗೊತ್ತು. ‘ಮುಂದೇನು’ ಅನ್ನೋ ಪ್ರಶ್ನೆ ಸತ್ತುಹೋಗಿ ‘ಇನ್ನೆಷ್ಟು’ ಅನ್ನೋದೊಂದೇ ಉಳಿಯಿತು. ಸಿಕ್ಕಿಬೀಳೋ ಜನರೂ ಹಾಗೇ: ಪಾರ್ಕಿಂಗ್ ಜಾಗಕ್ಕೆ ಬರ್ತಾರೆ, ತಲೆಗೆ ಪೆಟ್ಟು ಬೀಳುತ್ತೆ, ಗೋದಾಮಿಗೆ ಹೋಗ್ತಾರೆ. ಅವರ ಪರಿಚಯವೇ ಆಗಲ್ಲ. ಪರಿಚಯ ಇಲ್ಲದವನ ಹಲ್ಲು ಒಡೆದರೆ ಹೇಸಿಗೆ ಆಗುತ್ತೆ, ಅಷ್ಟೇ. ಮೂರನೇ ಭಾಗದಲ್ಲಿ (2015) ಲೆಕ್ಕ 500ಕ್ಕೆ ಏರಿತು. ಹೆದರಿಕೆ ಮೊದಲ ಸಿನಿಮಾದ ಆ ಮೂವರಲ್ಲೇ ನಿಂತಿತ್ತು.

ನಮ್ಮ ಅಲಂಕಾರಶಾಸ್ತ್ರದವರು ಬೀಭತ್ಸವನ್ನೂ ಭಯಾನಕವನ್ನೂ ಸುಮ್ಮನೆ ಬೇರೆ ಇಟ್ಟಿದ್ದಲ್ಲ. ಒಂದರ ಸ್ಥಾಯಿ, ಅಂದರೆ ಮೂಲಭಾವ, ಜುಗುಪ್ಸೆ, ಇನ್ನೊಂದರದ್ದು ಭಯ. ಹೇಸಿಗೆ ಬಂದಾಗ ಮನುಷ್ಯ ಮುಖ ತಿರುಗಿಸ್ತಾನೆ, ಹೆದರಿದಾಗ ಕಣ್ಣು ಕೀಳಲಾರ. 40 ಸೆಕೆಂಡು ಕೈ ಕಡಿದರೆ 5ನೇ ಸೆಕೆಂಡಿಗೆ ಜನ ಮುಖ ತಿರುಗಿಸ್ತಾರೆ, 15ನೇದಕ್ಕೆ ರಬ್ಬರು ಕಾಣಿಸುತ್ತೆ, 25ಕ್ಕೆ ಯಾರೋ ಹಿಂದಿನ ಸಾಲಿನಲ್ಲಿ ನಗ್ತಾನೆ. ಒಬ್ಬ ನಕ್ಕರೆ ಮುಗೀತು.

ಎರಡನೇ ಭಾಗಕ್ಕೆ ಹೆಸರು ಬಂದಿದ್ದರಲ್ಲಿ ಬ್ರಿಟನ್ನಿನ ಸೆನ್ಸಾರಿನ ಪಾಲೂ ಇದೆ. 2011ರ ಜೂನಿನಲ್ಲಿ ಪ್ರಮಾಣಪತ್ರ ಕೊಡಲ್ಲ ಅಂದರು, ಅಕ್ಟೋಬರಿನಲ್ಲಿ 32 ಕಡೆ ಕತ್ತರಿ ಹಾಕಿ, ಒಟ್ಟು 2 ನಿಮಿಷ 37 ಸೆಕೆಂಡು ತೆಗೆದು ಬಿಟ್ಟರು. ಅದಕ್ಕಿಂತ ಅಗ್ಗದ ಪ್ರಚಾರ ಎಲ್ಲಿ ಸಿಗುತ್ತೆ? ನ್ಯಾಯವಾಗಿ ಹೇಳಬೇಕಂದ್ರೆ, ಮಾತೇ ಆಡದ ಮಾರ್ಟಿನ್ ಆಗಿ ಲಾರೆನ್ಸ್ ಹಾರ್ವಿ ಅಭಿನಯ ಚೆನ್ನಾಗಿದೆ. ಅವನು ತಾಯಿ ಜೊತೆ ಇರೋ ಮನೆಯ ದೃಶ್ಯಗಳು ಗೋದಾಮಿನ ದೃಶ್ಯಗಳಿಗಿಂತ ಎಷ್ಟೋ ಮೇಲು.

ನಿಮ್ಮ ಸ್ಕ್ರಿಪ್ಟಿಗೆ ಬರೋಣ. ಐದು ಕಡೆಯ ರಕ್ತವನ್ನ ಎರಡಕ್ಕೆ ಇಳಿಸಿ: ಮೊದಲಲ್ಲಿ ಒಂದು ಸಣ್ಣ ಗಾಯ, ಕೊನೆಯಲ್ಲಿ ದೊಡ್ಡದು. ಕೊನೇ ದೃಶ್ಯ 40 ಸೆಕೆಂಡೇ ಇರಲಿ, ಹಂಚಿಕೆ ಬದಲಿಸಿ. ಕತ್ತಿ ಎತ್ತುವವನ ಮುಖ 9 ಸೆಕೆಂಡು. ಮುಚ್ಚಿದ ಬಾಗಿಲು ಹೊರಗಿನಿಂದ 12 ಸೆಕೆಂಡು, ಒಳಗಿನ ಸದ್ದು ಮಾತ್ರ. ಕೈ ತೋರಿಸೋದು 18 ಫ್ರೇಮು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮುಕ್ಕಾಲು ಸೆಕೆಂಡು. ಅಲ್ಲಾಡೋ ದೀಪ 3 ಸೆಕೆಂಡು. ಉಳಿದ 15 ಸೆಕೆಂಡು, ಅವನು ಬಕೆಟ್ ನೀರು ತಂದು ಸಾವಧಾನವಾಗಿ ನೆಲ ಒರೆಸೋದು. ಆ ಒರೆಸೋದನ್ನ ಮಾತ್ರ ಕತ್ತರಿಸಬೇಡಿ, ಒಂದೇ ಶಾಟ್.

ಬಣ್ಣದಪೆಟ್ಟಿಗೆ (ವಿರಾಜಪೇಟೆ)

ಕತ್ತರಿಮೇಜು ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಮ್ಮ ಕಡೆ ಪ್ರೇಕ್ಷಕರು ಹಂದಿ ಕೊಯ್ಯೋದನ್ನ ಸಣ್ಣವರಿದ್ದಾಗಿಂದ ನೋಡಿದವರು. ಮಾಂಸ ಹೇಗಿರುತ್ತೆ, ರಕ್ತ ಎಷ್ಟು ಬೇಗ ಕಪ್ಪಾಗಿ ಗಟ್ಟಿಯಾಗುತ್ತೆ ಎಲ್ಲ ಗೊತ್ತು. ಕುಂಕುಮ ಕಲಸಿದಂಥ ಕೆಂಪು ನೀರು ತೋರಿಸಿದ್ರೆ ಮಡಿಕೇರಿಯಲ್ಲಿ ನಡೆಯಲ್ಲ.

ಹಸಿ ರಕ್ತಕ್ಕೆ ಅಳತೆ: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗೋ ಲಿಕ್ವಿಡ್ ಗ್ಲೂಕೋಸ್ 400 ಗ್ರಾಂ, ಬಿಸಿನೀರು 100 ಮಿ.ಲೀ. ತಿನ್ನೋ ಕೆಂಪು ಬಣ್ಣದ ಪುಡಿ ಅರ್ಧ ಟೀ ಚಮಚ. ಇದನ್ನ ಮೊದಲು ಎರಡು ದೊಡ್ಡ ಚಮಚ ಬಿಸಿನೀರಲ್ಲಿ ಕರಗಿಸಿಯೇ ಹಾಕಿ, ಪುಡಿಯಾಗಿ ಹಾಕಿದ್ರೆ ಚುಕ್ಕಿ ಚುಕ್ಕಿ ನಿಲ್ಲುತ್ತೆ. ಕೋಕೋ ಪುಡಿ 2 ಟೀ ಚಮಚ, ಕಾರ್ನ್‌ಫ್ಲೋರ್ 1. ಇವೆರಡೂ ಇಲ್ಲದಿದ್ದರೆ ರಕ್ತ ಶರಬತ್ತಿನ ಹಾಗೆ ಪಾರದರ್ಶಕವಾಗಿ ಕಾಣುತ್ತೆ, ಎಲ್ಲರೂ ಮಾಡೋ ತಪ್ಪು ಅದೇ. ಕಡೆಗೆ ಗಟ್ಟಿ ಕಾಫಿ ಡಿಕಾಕ್ಷನ್ ಚಮಚ ಚಮಚವಾಗಿ, ಬಣ್ಣ ನೋಡ್ಕೊಂಡು. ತೀರಾ ಕಿತ್ತಳೆ ಕಡೆ ವಾಲಿದ್ರೆ ಬೆಂಕಿಕಡ್ಡಿ ತುದಿಯಷ್ಟು ನೀಲಿ. ಪುಡಿ ತಳಕ್ಕೆ ಕೂರುತ್ತೆ, ಪ್ರತಿ ಟೇಕಿಗೂ ಮೊದಲು ಕಲಕಿ. ಒಣಗಿದ ರಕ್ತಕ್ಕೆ ಇದೇ ಮಿಶ್ರಣ, ಡಿಕಾಕ್ಷನ್ನೂ ಕೋಕೋನೂ ದುಪ್ಪಟ್ಟು. ಬಣ್ಣ ಸುಮಾರು ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಹತ್ತಿರ ಬರಬೇಕು. (ಕಾಚಂಪುಳಿಯನ್ನೇ ಹಾಕಬೇಡಿ ಮಾರಾಯ್ರೆ, ಹುಳಿ ಕಣ್ಣಿಗೆ ಹೋದ್ರೆ ಕಷ್ಟ. ದುಡ್ಡೂ ದಂಡ.)

ಎಡವೋದು ಎಲ್ಲಿ ಅಂದ್ರೆ:

ಇರುವೆ. ಸಕ್ಕರೆ ಪಾಕ ತೋಟದ ಬಂಗಲೆಯಲ್ಲಿ ತೆರೆದಿಟ್ಟರೆ ಹತ್ತು ನಿಮಿಷ ಸಾಕು. ಡಬ್ಬವನ್ನ ನೀರು ತುಂಬಿದ ತಟ್ಟೆಯೊಳಗೆ ಇಡಿ. ಹಗಲಾದ್ರೆ ಜೇನ್ನೊಣವೂ ಬರುತ್ತೆ.

ಮಳೆ. ಈ ರಕ್ತ ನೀರಲ್ಲಿ ಕರಗುತ್ತೆ, ಹೊರಗಿನ ದೃಶ್ಯದಲ್ಲಿ ಅರೆ ನಿಮಿಷಕ್ಕೆ ಗುಲಾಬಿ ಬಣ್ಣ. ಮಳೆಯಲ್ಲಿ ಕಾಣಬೇಕಾದ ಗಾಯಕ್ಕೆ ವ್ಯಾಸ್ಲಿನ್ ಬಿಸಿ ಮಾಡಿ ಕಡುಕೆಂಪು ಲಿಪ್‌ಸ್ಟಿಕ್ ಕರಗಿಸಿ, ಆರಿದ ಮೇಲೆ ಹಚ್ಚಿ. ಜಿಡ್ಡಾದ್ದರಿಂದ ನೀರಿಗೆ ಹೋಗಲ್ಲ. ತಿನ್ನೋ ಬಣ್ಣ ವ್ಯಾಸ್ಲಿನ್ ಜೊತೆ ಸೇರಲ್ಲ, ಪ್ರಯತ್ನಿಸಬೇಡಿ.

ಬೆಳಕು. ಮನೆಯ ಸಾದಾ ಎಲ್‌ಇಡಿ ಬಲ್ಬಿನಲ್ಲಿ ಕಡುಕೆಂಪು ಸತ್ತು ಮಣ್ಣಿನ ಬಣ್ಣ ಆಗುತ್ತೆ. ಲೈಟ್ ಬಾಡಿಗೆಗೆ ತರುವಾಗ ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) ಅಂಕಿ ಒಂದನ್ನೇ ಕೇಳಬೇಡಿ, ಆ ಸರಾಸರಿ ಲೆಕ್ಕದಲ್ಲಿ ಕಡುಕೆಂಪು ಸೇರಿರಲ್ಲ. ಕಡುಕೆಂಪಿನದ್ದೇ ಅಂಕಿ ಆರ್9, ‘ಆರ್9 ಎಷ್ಟು’ ಅಂತ ಕೇಳಿ, 90 ದಾಟಿದ್ರೆ ಒಳ್ಳೇದು. ಏನೇ ಆದ್ರೂ ಶೂಟಿಂಗಿನ ಹಿಂದಿನ ದಿನ ಅದೇ ಕೋಣೆಯಲ್ಲಿ ಅದೇ ದೀಪದಲ್ಲಿ ಚಮಚ ರಕ್ತ ಸುರಿದು ಕ್ಯಾಮೆರಾದಲ್ಲೇ ನೋಡಿ, ಕಣ್ಣನ್ನ ನಂಬಬೇಡಿ.

ಕಲೆ. ಹಳೇ ಬಂಗಲೆಯ ಮರದ ನೆಲಕ್ಕೆ ಬಣ್ಣ ಇಳಿದ್ರೆ ಮಾಲೀಕರ ಜೊತೆ ಮುಂದಿನ ಮಾತೇ ಇಲ್ಲ. ಕೆಳಗೆ ಪ್ಲಾಸ್ಟಿಕ್ ಹಾಸಿ, ಮೇಲೆ ಅದೇ ಬಣ್ಣದ ಹಲಗೆ. ಬಟ್ಟೆ ಮೇಲೆ ಬೀಳೋ ರಕ್ತಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ ಸೇರಿಸಿದ್ರೆ ಒಗೆಯೋದು ಸುಲಭ, ಆದ್ರೆ ಆ ಡಬ್ಬಕ್ಕೆ ‘ಬಾಯಿಗಲ್ಲ’ ಅಂತ ಚೀಟಿ ಅಂಟಿಸಿ. ಒಂದೇ ಥರದ ಅಂಗಿ ಮೂರು ಇರಲಿ.

ಗಾಯಕ್ಕೆ ಜೆಲಟಿನ್, ನೀರು, ಗ್ಲಿಸರಿನ್ ಸಮಪಾಲು. ಹತ್ತು ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಕುದಿಸಬೇಡಿ. ಎಣ್ಣೆ ಸವರಿದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು, ಅಂಚನ್ನ ಕಾಗದದಷ್ಟು ತೆಳು ಮಾಡಿ. ಗಾಯ ಸುಳ್ಳು ಅಂತ ಗೊತ್ತಾಗೋದು ನಡುವಿನಿಂದ ಅಲ್ಲ, ಅಂಚಿನಿಂದ. ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತೆ, ಹಾಗಾಗಿ ಕಕ್ಕಡದಲ್ಲಿ ಇದು ಬೆವರಿ ಮೆತ್ತಗಾಗುತ್ತೆ. ಮೇಲೆ ಪೌಡರ್ ಹಾಕಿ, ಒಂದು ತುಂಡಿಗೆ ಒಂದು ಗಂಟೆಗಿಂತ ಹೆಚ್ಚು ಆಯುಸ್ಸು ಇಟ್ಕೊಳ್ಳಬೇಡಿ, ನಾಲ್ಕೈದು ಮಾಡಿಡಿ. ಅಂಟು ಯಾವುದೇ ಆಗಲಿ, ಹಿಂದಿನ ದಿನವೇ ಮೊಣಕೈ ಒಳಬದಿಗೆ ಹಚ್ಚಿ ತುರಿಕೆ ಬರುತ್ತಾ ನೋಡಿ.

ಹೊಳೆದಂಡೆ

ಎಲ್ಲರೂ ಸೇರಿ ರಕ್ತವನ್ನೇ ಅಪರಾಧಿ ಮಾಡಿದ್ರಿ. ‘ದಿ ಫ್ಲೈ’ (1986) ನೋಡಿ. ಉಗುರು ಕಿತ್ತು ಬರೋದರಿಂದ ಹಿಡಿದು ಎಲ್ಲ ತೋರಿಸ್ತಾರೆ, ಮೇಕಪ್ಪಿಗೆ ಆಸ್ಕರ್ ಕೂಡ ಬಂತು. ಅಲ್ಲಿ ಕೆಲಸ ಮಾಡೋದು ಪ್ರಮಾಣ ಅಲ್ಲ, ಕ್ರಮ. ನೊಣವಾಗ್ತಾ ಹೋಗೋ ಆ ವಿಜ್ಞಾನಿ ನಮಗೆ ಇಷ್ಟವಾದ ಮೇಲೆ ಒಂದೊಂದೇ ಅಂಗ ಹೋಗುತ್ತೆ, ಅವನಿಗೇ ಅದು ಗೊತ್ತಾಗ್ತಾ ಇರುತ್ತೆ. 12 ನಿಮಿಷದಲ್ಲಿ ಅಷ್ಟು ಸಮಯ ಇಲ್ಲ ಅನ್ನೋದು ನಿಜ. ಆದ್ರೆ ಮೊದಲ 3 ನಿಮಿಷ ಆ ಕೈಯಿಂದ ಏನಾದ್ರೂ ಮಾಡಿಸಿ: ಕಡುಂಬುಟ್ಟು (ಅಕ್ಕಿ ತರಿಯ ಕಡುಬು) ಉಂಡೆ ಕಟ್ಟಲಿ, ಮಗುವಿನ ಜಡೆ ಹೆಣೆಯಲಿ. ಆಮೇಲೆ ಆ 18 ಫ್ರೇಮಿಗೆ ತೂಕ ಬರುತ್ತೆ.

ಕತ್ತರಿಮೇಜು

ಒಪ್ಪಿದೆ. ಕಡುಂಬುಟ್ಟು ಐಡಿಯಾ ಚೆನ್ನಾಗಿದೆ, ಕೈಯ ಕ್ಲೋಸಪ್ಪಿಗೆ ನೆಪವೂ ಸಿಗುತ್ತೆ.

ಸದ್ದುಸುದ್ದಿ (ಸೋಮವಾರಪೇಟೆ)

ಬಾಗಿಲ ಹಿಂದಿನ ಆ 12 ಸೆಕೆಂಡು ಪೂರ್ತಿ ಸದ್ದಿನ ಮೇಲೆ ನಿಂತಿದೆ, ಹಾಗಾಗಿ ವಿವರವಾಗಿ.

ಮಾಂಸ ಬಿಡಿಸೋ ಸದ್ದಿಗೆ ಹಲಸಿನಹಣ್ಣಿನಿಂದ ತೊಳೆ ಕೀಳೋದಕ್ಕಿಂತ ಒಳ್ಳೇದು ಇಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಮೆಲ್ಲಗೆ ಎಳೆಯಿರಿ. ನಾರು ಹರಿಯೋದಕ್ಕೆ ಬಾಳೆದಿಂಡು, ಎಲುಬಿಗೆ ಹೆಬ್ಬೆರಳು ಗಾತ್ರದ ಒಣ ಕಾಫಿ ಕಡ್ಡಿಯನ್ನ ಒದ್ದೆ ಟವೆಲ್ಲಿನಲ್ಲಿ ಸುತ್ತಿ ಮುರಿಯೋದು. ಟವೆಲ್ ಇಲ್ಲದಿದ್ರೆ ಬರೀ ಕಟ್ಟಿಗೆ ಮುರಿದ ಹಾಗೆ ಕೇಳುತ್ತೆ. ಮೈಕ್ 10ರಿಂದ 15 ಸೆಂ.ಮೀ. ದೂರ, ಸುತ್ತ ಕಂಬಳಿ, 48 ಕಿಲೋಹರ್ಟ್ಸ್ 24 ಬಿಟ್, ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು. ಮೂರೂ ಸದ್ದು ಒಟ್ಟಿಗೆ ಹಾಕಬೇಡಿ, ಒಂದರ ಹಿಂದೆ ಒಂದು, ನಡುವೆ ಖಾಲಿ ಬಿಟ್ಟು. ಬಾಗಿಲ ಹಿಂದಿನದ್ದು ಅನ್ನಿಸೋದಕ್ಕೆ ತೀಕ್ಷ್ಣ ಸ್ವರ ಇಳಿಸಿ. ಇನ್ನೂ ಒಳ್ಳೇದು: ಸ್ಪೀಕರನ್ನ ಆ ಕೋಣೆಯಲ್ಲೇ ಇಟ್ಟು, ಬಾಗಿಲು ಹಾಕಿ, ಹೊರಗಿನಿಂದ ಮತ್ತೆ ರೆಕಾರ್ಡ್ ಮಾಡಿ.

ಕಿರುಚಾಟ ಬೇಡ. ಒಂದೇ ಸಲ ಉಸಿರು ಸಿಕ್ಕಿಕೊಂಡ ಸದ್ದು ಸಾಕು.

ಮಳೆಯದ್ದೇ ತಲೆನೋವು. ಹೆಂಚಾದರೂ ಶೀಟಾದರೂ ಜುಲೈ ಮಳೆಯಲ್ಲಿ ಸಂಭಾಷಣೆ ಉಳಿಯಲ್ಲ, ಶೀಟಿನ ಕೆಳಗಂತೂ ಕೂಗಿದ್ರೂ ಕೇಳಲ್ಲ. ಮಾತನ್ನ ಸ್ಥಳದಲ್ಲಿ ಗುರುತಿಗೆ ಮಾತ್ರ ರೆಕಾರ್ಡ್ ಮಾಡಿ, ಅದೇ ದಿನ ಕಾರಿನೊಳಗೆ ಕೂತು ಮತ್ತೆ ಹೇಳಿಸಿ, ಮಳೆ ನಿಂತ ಹೊತ್ತು ನೋಡಿ. ಮರುವಾರ ಅಂತ ಮುಂದೂಡಿದ್ರೆ ಪಾತ್ರಧಾರಿಗೆ ಆ ಏದುಸಿರು ನೆನಪಿರಲ್ಲ. ಬರೀ ಮಳೆ ಸದ್ದು 2 ನಿಮಿಷ, ಖಾಲಿ ಕೋಣೆಯ ಸದ್ದು 1 ನಿಮಿಷ ಬೇರೆ ಬೇರೆ ಇಟ್ಕೊಳ್ಳಿ.

ಇನ್ನೊಂದು. ಜೀರುಂಡೆ ಹತ್ತಿರ ಯಾರಾದ್ರೂ ನಡೆದು ಬಂದ್ರೆ ಕೂಗೋದು ನಿಲ್ಲಿಸುತ್ತೆ, ತೋಟದಲ್ಲಿ ಬೆಳೆದವರಿಗೆಲ್ಲ ಗೊತ್ತು. ಮಳೆ ಬಿಟ್ಟಾಗ ಜೀರುಂಡೆ ಸದ್ದು ಹರಿದುಬರಲಿ, ಯಾರೂ ಕಾಣದ ಶಾಟಿನಲ್ಲಿ ಅದನ್ನ ಥಟ್ಟನೆ ತೆಗೆದುಬಿಡಿ. ಸಂಗೀತ ಹಾಕಬೇಡಿ. ಕೊಡಗಿನ ಪ್ರೇಕ್ಷಕ ತಾನೇ ಹಿಂದಿರುಗಿ ನೋಡ್ತಾನೆ.

ಬೆಟ್ಟದಹಾದಿ (ಮಡಿಕೇರಿ)

ತುಂಬಾ ಉಪಕಾರ. ಮೊದಲ ಸಣ್ಣ ಗಾಯ ಜಿಗಣೆಯದ್ದು ಮಾಡಿದ್ರೆ ಹೇಗೆ? ಮತ್ತೆ ಒಂದು ದೃಶ್ಯದಲ್ಲಿ ಗೋಡೆ ಮೇಲಿನ ಕೋವಿ ಇಳಿಸ್ತಾನೆ. ಬಂಗಲೆಯವರ ಕೋವಿಯೇ ಇದೆ, ಬಳಸಬಹುದಾ?

ಬಣ್ಣದಪೆಟ್ಟಿಗೆ (ವಿರಾಜಪೇಟೆ)

ಜಿಗಣೆ ಒಳ್ಳೆ ಆಯ್ಕೆ. ಕಚ್ಚಿದ್ದು ಗೊತ್ತೇ ಆಗಲ್ಲ, ಅದರ ಜೊಲ್ಲಿನಲ್ಲಿರೋ ಅಂಶ ರಕ್ತ ಹೆಪ್ಪುಗಟ್ಟಲು ಬಿಡಲ್ಲ, ಅದು ಬಿದ್ದುಹೋದ ಮೇಲೂ ಗಂಟೆಗಟ್ಟಲೆ ಒಸರುತ್ತೆ. ಅಂದ್ರೆ 2ನೇ ನಿಮಿಷದಲ್ಲಿ ಕಾಲ್ಚೀಲದ ಮೇಲೆ ಕಂಡ ಕಲೆ 9ನೇ ನಿಮಿಷದಲ್ಲಿ ದೊಡ್ಡದಾಗಿರಬಹುದು, ಯಾರೂ ಅದರ ಬಗ್ಗೆ ಮಾತಾಡಬೇಕಿಲ್ಲ. ಬಿಳಿ ಕಾಲ್ಚೀಲ ಹಾಕಿಸಿ. ಮೇಲಿನ ಮಿಶ್ರಣಕ್ಕೆ ಇನ್ನೊಂದು 50 ಮಿ.ಲೀ. ನೀರು ಸೇರಿಸಿ ತೆಳು ಮಾಡಿ, ಸಿರಿಂಜಿನಿಂದ ಒಳಬದಿಯಿಂದ ಬಿಡಿ. ನಿಜವಾದ ಜಿಗಣೆ ಬೇಡ, ಬಳ್ಳಿಯ ಚೂರಿಗೆ ಜೆಲಟಿನ್ ಸವರಿದ್ರೆ ಸಾಕು.

ಕೋವಿ ಬೇಡವೇ ಬೇಡ. ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಇರೋದು ಕೋವಿ ಲೈಸೆನ್ಸಿನ ವಿನಾಯ್ತಿ, ಗುಂಡಿನಿಂದ ವಿನಾಯ್ತಿ ಅಲ್ಲ. ಗುಂಡಿಲ್ಲದ, ಬರೀ ಮದ್ದಿನ ತೋಟಾ (ಬ್ಲ್ಯಾಂಕ್) ಕೂಡ ಹತ್ತಿರದಿಂದ ಪ್ರಾಣ ತೆಗೆಯಬಲ್ಲದು. ಮರದಲ್ಲಿ ಕೆತ್ತಿಸಿ, ಮಬ್ಬು ಬೆಳಕಲ್ಲಿ ಯಾರಿಗೂ ಗೊತ್ತಾಗಲ್ಲ. ಕತ್ತಿಯೂ ಹಾಗೇ, 5 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಕತ್ತರಿಸಿ ಅಲ್ಯೂಮಿನಿಯಂ ಪೇಂಟ್ ಹೊಡೆದು, ಅಂಚಿಗೆ ಸ್ವಲ್ಪ ಮಸಿ.

ಹೊಳೆದಂಡೆ

ಹೊರಗಿನ ದೃಶ್ಯಗಳನ್ನ ಸಂಜೆ ಆರರೊಳಗೆ ಮುಗಿಸಿ, ಉಳಿದದ್ದನ್ನ ಬಂಗಲೆ ಒಳಗೇ ರಾತ್ರಿ ಮಾಡಿ. ನಿಮ್ಮದು ಸಿದ್ದಾಪುರದ ಕಡೆಯ ತೋಟವಾದ್ರೆ ಇದು ಇನ್ನೂ ಮುಖ್ಯ. ಹಲಸಿನ ವಾಸನೆಗೆ ಆನೆ ಬರುತ್ತೆ, ಸದ್ದುಸುದ್ದಿ ಹೇಳಿದ ತೊಳೆ ಕೀಳೋ ಕೆಲಸವನ್ನ ಪೇಟೆ ಮನೆಯಲ್ಲೇ ಮಾಡ್ಕೊಳ್ಳಿ. ಲೈನ್ ಮನೆಯ ತೋಟದ ಕಾರ್ಮಿಕರಿಗೂ ಹತ್ತಿರದ ಠಾಣೆಗೂ ಮೊದಲೇ ತಿಳಿಸಿ, ಇಲ್ಲಾಂದ್ರೆ ಆ ಒಂದು ಉಸಿರಿನ ಸದ್ದಿಗೇ ಜನ ದೊಣ್ಣೆ ಹಿಡಿದು ಬರ್ತಾರೆ. ಕ್ಯಾಮೆರಾವನ್ನ ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಚೀಲ ಬಿಚ್ಚಬೇಡಿ, 20 ನಿಮಿಷ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಇರಲಿ. ಲೆನ್ಸ್ ಮಂಜಾದ್ರೆ ಒರೆಸಿ ಪ್ರಯೋಜನ ಇಲ್ಲ.